ಎರಡು ಪಾಯಿಂಟ್ ಸೊನ್ನೆ ಮೂರು

ಪುಂತಾ ಅರೇನಾಸ್‌ನಲ್ಲಿ ಗಾಳಿಗೆ ರಜೆಯಿಲ್ಲ.
ಮರಗಳು ಪೂರ್ವಕ್ಕೆ ಬಾಗಿಕೊಂಡೇ ದೊಡ್ಡವಾಗುತ್ತವೆ.
ಬಿರುಸಿನ ದಿನ ಚೌಕದ ಮೂಲೆಗೆ ಹಗ್ಗ ಕಟ್ಟುತ್ತಾರೆ,
ಮುದುಕಿಯರು ಹಿಡಿದು ದಾಟಲೆಂದು.
ನಾನೂ ಮುದುಕಿಯೇ. ಮೂವತ್ತು ವರ್ಷ ಭೂಗೋಳ ಕಲಿಸಿ
ಈಗ ಮೈದಾನದಲ್ಲಿ ಗಾಳಿ ಅಳೆಯುತ್ತೇನೆ.

ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಚಹಾ,
ಜಿಗಿತದ ಹಲಗೆಯಿಂದ ಇಪ್ಪತ್ತು ಮೀಟರ್ ಹಿಂದೆ
ಮೂರು ಕಾಲಿನ ನನ್ನ ಯಂತ್ರ.
ಐದು ಸೆಕೆಂಡು ಕೇಳಿಸಿಕೊಂಡು ಒಂದು ಅಂಕಿ ಹೇಳುತ್ತದೆ.
ಎರಡರವರೆಗೆ ಅದು ಗಾಳಿ.
ಎರಡು ದಾಟಿದರೆ ಸಹಾಯ.

ಮಿಲ್ಯಾರಾಯ್ ಕಾರ್ಕಾಮೊ, ಏಡಿ ದೋಣಿಯವನ ಮಗಳು,
ಅವಳಿಗೆ ಬೇಕಿದ್ದದ್ದು ಆರು ಮೀಟರ್ ಎಂಬತ್ತು.
ಗಡುವು ಇವತ್ತು ನಡುರಾತ್ರಿ;
ನಾಳೆ ಏಳು ಮೀಟರ್ ಹಾರಿದರೂ ಅದು ಬರೀ ಮರಳು.
ಗಾಳಿ ಆ ಮಧ್ಯಾಹ್ನ ಅರೆನಿದ್ದೆಯಲ್ಲಿತ್ತು.

ನಾಲ್ಕನೆಯ ಜಿಗಿತ.
ಹಲಗೆಗೆ ಕಾಲು ಬಿದ್ದ ಸದ್ದಿನಲ್ಲೇ ಗೊತ್ತಾಯಿತು:
ಹಳೆಯ ಬೀಗದಲ್ಲಿ ಸರಿಯಾದ ಕೀಲಿ ತಿರುಗಿದ ಸದ್ದು.
ಆರು ಎಂಬತ್ತನಾಲ್ಕು!
ತಮ್ಮ ಬೇಲಿ ಹತ್ತಿ ಕೂಗಿದ.
ಯಾರೋ ಟೊಪ್ಪಿ ಎಸೆದರು, ಅದು ಕೆಳಗೆ ಬರಲೇ ಇಲ್ಲ.
ಆಮೇಲೆ ಎಲ್ಲರೂ ನನ್ನತ್ತ ತಿರುಗಿದರು.

ಎರಡು ಪಾಯಿಂಟ್ ಸೊನ್ನೆ ಮೂರು.

ನಿಯಮ ಹೇಳುತ್ತದೆ, ಚಿಲ್ಲರೆಯನ್ನು ಮೇಲಕ್ಕೇರಿಸು.
ಬಡ್ಡಿಯವನು ಬಿಡಿಗಾಸನ್ನೂ ಪೂರ್ತಿ ಮಾಡಿಕೊಳ್ಳುವ ಹಾಗೆ
ಎರಡು ಪಾಯಿಂಟ್ ಒಂದು ಎಂದು ಬರೆದೆ,
ದುಂಡಗೆ, ಟೀಚರಮ್ಮನ ಅಕ್ಷರದಲ್ಲಿ.

ಮೊಣಕಾಲಿನ ಮರಳು ಕೊಡವುತ್ತ ಬಂದು ನೋಡಿದಳು.
"ಡೋನ್ಯಾ ಎಡೆಲ್ಮೀರಾ,
ಹನ್ನೆರಡು ವರ್ಷ ಇದರ ಎದುರಿಗೇ ಓಡಿ ಶಾಲೆಗೆ ಬಂದೆ.
ತಡವಾದಾಗ ನೀವು ಬಾಗಿಲಾಚೆ ನಿಲ್ಲಿಸಿದಿರಿ.
ಆಗ ಯಾರೂ ಅಳೆಯಲಿಲ್ಲ."

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ತೂರಿದ್ದು ಕಾಳೋ ಹೊಟ್ಟೋ
ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ಐದನೆಯದು ಫೌಲ್.
ಆರನೆಯದಕ್ಕೆ ಗಾಳಿ ನಿಂತೇಬಿಟ್ಟಿತು, ಈ ಊರಿನಲ್ಲಿ!
ಆರು ಎಪ್ಪತ್ತೊಂದು. ಅಪ್ಪ ಚೀಲ ಎತ್ತಿಕೊಂಡ.

ಇನ್ನುಳಿದದ್ದು ಪಟ್ಟಿಯ ದಾರಿ.
ಲೋಕದಲ್ಲಿ ಮೂವತ್ತೆರಡು ಹೆಂಗಸರಿಗೆ ಜಾಗ,
ಇವಳು ಮೂವತ್ತಮೂರನೆಯವಳು.
ಯಾರಾದರೂ ಹಿಂದೆ ಸರಿದರೆ ಫೋನ್ ಬರುತ್ತದೆ.

ರಾತ್ರಿ ಕಿಟಕಿ ಅದುರುವುದನ್ನು ಕೇಳುತ್ತ ಮಲಗಿದ್ದೆ.
ಎಲ್ಲೋ ಒಂದೂರಲ್ಲಿ, ಹೆಸರೂ ಗೊತ್ತಿಲ್ಲದ ಹುಡುಗಿಯ
ತೊಡೆಯ ಸ್ನಾಯು ಒಂಚೂರು ಹರಿಯಲಿ,
ಹೆಚ್ಚೇನಲ್ಲ, ಒಂದು ತಿಂಗಳ ಮಟ್ಟಿಗೆ
ಅಂತ ಬೇಡಿಕೊಳ್ಳುತ್ತಿದ್ದೇನೆಂದು ತಿಳಿದದ್ದೇ
ಬೆಚ್ಚಿ ಎದ್ದು ಕೂತೆ.
ಅವಳಿಗೂ ಬೇಲಿ ಹತ್ತುವ ತಮ್ಮನಿರಬಹುದು.

ದೀಪ ಹಾಕಿ ಯಂತ್ರ ಒರೆಸಿದೆ.
ಮುಚ್ಚಿದ ಕೋಣೆಯಲ್ಲಿ ಅದು ಸೊನ್ನೆ ತೋರಿಸುತ್ತಿತ್ತು.
ಬಗ್ಗಿ ನೋಡಿದಾಗ ನನ್ನ ಉಸಿರು ತಾಗಿ
ಸೊನ್ನೆ ಪಾಯಿಂಟ್ ಒಂದು.

ಅದನ್ನು ಎಲ್ಲೂ ಬರೆಯಲಿಲ್ಲ.