ಹದಿನೈದು ಡಬ್ಬಿ

ಮೊದಲ ವರ್ಷ ನನ್ನ ಮೈಯನ್ನ
ತಾರೀಖುಗಳಿಗೆ ಹಂಚಿ ಕೊಟ್ಟಿದ್ರು.
ಗುಳಿಗಿಗೆ ಮಿರಜ, ಮಂಗಳವಾರ.
ರಕ್ತಕ್ಕ ಮತ್ತೊಂದು ದಿನ, ಮತ್ತೊಂದು ಕಿಟಕಿ.
ಕೆಮ್ಮಿಗೆ ಜತ್ತ: ಕಫದ ಡಬ್ಬಿ ನಸುಕಿನ್ಯಾಗ ಬೇಕು,
ಡಾಕ್ಟರು ಮಾತ್ರ ಮಧ್ಯಾಹ್ನ.
ಒಬ್ಬರ ಚೀಟಿ ಇನ್ನೊಬ್ಬರು ಓದಂಗಿಲ್ಲ.
ಓದಿದ್ರೂ ಅದು ಮರಾಠಿ. ನಾನು ಉಮದಿಯಾಕಿ,
ನನಗ ನೋವು ಕನ್ನಡದಾಗ ಬರತೈತಿ.

ಬೇದಾಣಿ ಶೆಡ್ಡಿನ್ಯಾಗ ಮುಕಾದಮ ಕೇಳಾಂವ,
‘ಬಂಗಾರೆವ್ವಾ, ಈ ತಿಂಗಳು ಯಾರು ಸತ್ತ್ರು?’
ಅಷ್ಟೊತ್ತಿಗೆ ನಾನು ಇಬ್ಬರು ಸೋದರಮಾವಂದಿರನ್ನ,
ಒಬ್ಬಾಕಿ ಅತ್ತಿಯನ್ನ ಎರಡು ಸಲ,
ಕೊಂದು ಮುಗಿಸಿದ್ದೆ.
ನಾಲ್ಕು ಹಜೇರಿ ಹೋದ್ರ ಸಾವಿರ ರೂಪಾಯಿ.
ಗುಳಿಗಿ ಪುಕ್ಕಟೆ ಅಂತ
ದವಾಖಾನಿ ಗ್ವಾಡಿ ಮ್ಯಾಲ ದೊಡ್ಡದಾಗಿ ಬರದಿತ್ತು.

ಒಂದು ರಾತ್ರಿ ಲೆಕ್ಕಾ ಮಾಡಿ ಬಿಟ್ಟುಬಿಟ್ಟೆ.
ಎರಡು ತಿಂಗಳು.
ನಾಲಿಗಿ ಮ್ಯಾಲ ಬಿಳೀ ಬೂಷ್ಟು ಹತ್ತಿ
ಒಣಗಿದ ದ್ರಾಕ್ಷಿ ಸುದ್ದಾ ಸುಡತಿತ್ತು.

ಆವಾಗ ಮನಿ ಹುಡಕ್ಕೊಂಡು ಬಂದಾಕಿ ಜುಲೇಖಾ.
ಯಾಕ ಬಿಟ್ಟಿ ಅನಲಿಲ್ಲ. ತಿಕೀಟ ಎಷ್ಟು, ಅಂದ್ಳು.
ಅರ್ಧ, ಅಂದೆ. ಈ ಕಡೆ ಹೆಂಗಸರಿಗೆ ಅರ್ಧ.
ಹತ್ತು ಮೈಲಿ ಆ ಕಡೆ ಹೋದ್ರ ಪೂರಾ ಪುಕ್ಕಟೆ,
ಆದ್ರ ನಮ್ಮ ಆಧಾರ ಕಾರ್ಡು ಗಡಿ ದಾಟಂಗಿಲ್ಲ.
ಆಕಿ ನಕ್ಕು, ನನ್ನ ಮೂರೂ ಚೀಟಿ ಕೂಡಿಸಿ
ಒಂದು ಟಾಚಣಿ ಚುಚ್ಚಿದ್ಳು.

ಅಷ್ಟ. ಒಂದು ಟಾಚಣಿ.

ಈಗ ಐದು ಮಂದಿ ನಾವು, ಸುತ್ತಿನ ಊರಾವರು.
ಸಂತ್ಯಾಗ ಕಂಡ್ರ ಒಬ್ಬರನ್ನೊಬ್ಬರು ಕರ್ಯಂಗಿಲ್ಲ.
ಮೂರು ತಿಂಗಳಿಗೊಮ್ಮೆ ಒಬ್ಬರು ಜತ್ತಕ್ಕ:
ಪಾಳಿ ಯಾರದೋ ಅವರ ರಕ್ತ, ಕಫ, ತೂಕ
ಎಲ್ಲಾ ಅದ ದಿನ, ಅದ ಓಣ್ಯಾಗ.
ಬರುವಾಗ ಐದೂ ಮಂದಿ ಗುಳಿಗಿ.
ತಿಕೀಟ ಐದು ಪಾಲು.
ಸಂಖದ ಧೂಳಪ್ಪ ತನ್ನ ಪಾಲಿನ ಜೊತಿ
ಒಂದು ಹಿಡಿ ಹುರದ ಶೇಂಗಾ ಕಳಸ್ತಾನ,
ಹೋದಾವರಿಗೆ ಹಸಿವಾಗಬಾರದಂತ.

ಹೋದ ಪಾಳಿಗೆ ನನ್ನ ಚೀಟಿಯಾಗ ಬರದಿದ್ರು:
ವೈರಸ್ಸು ಕಾಣಂಗಿಲ್ಲ.
ಹೋತೇನ? ಅಂದೆ.
‘ಹೋಗಿಲ್ಲ, ಮಲಗೇತಿ.
ದಿನಾ ರಾತ್ರಿ ಒಂಬತ್ತಕ್ಕ ನೀನ ತೂಗಬೇಕು.’
ಹಡದ ಕೂಸಿಗೂ ನಾನು ಇಷ್ಟು ನೇಮದಿಂದ
ತೊಟ್ಟಿಲಾ ತೂಗಿರಲಿಲ್ಲ.

ಇವತ್ತು ಮತ್ತ ನನ್ನ ಪಾಳಿ.
ತೊಡಿ ಮ್ಯಾಲ ಚೀಲ, ಚೀಲದಾಗ ಹದಿನೈದು ಡಬ್ಬಿ.
ಹತ್ತಿ ತುರುಕೋದು ಮರತೀನಿ.
ತಗ್ಗು ಬಂದಾಗೊಮ್ಮೆ ಬಸ್ಸು ಹಾರತೈತಿ,
ಐದು ಮಂದಿ ಗಲಗಲ ಅಂತಾರ.
ಕಂಡಕ್ಟರ ಬಗ್ಗಿ ಕೇಳಿದ, ‘ಏನ ಮಾವಶಿ, ಬೇದಾಣಿ?’

ಹೂಂ ಅಂದಿದ್ರ ಮುಗೀತಿತ್ತು.
ಗುಳಿಗಿ, ಅಂದೆ. ಐದು ಮಂದೀದು.
ಅಂವ ಚೀಲ ಎತ್ತಿ ನೋಡಿದ,
ಲಗೇಜಾಗುವಷ್ಟು ಭಾರ ಇಲ್ಲಂತ
ಹೊಳ್ಳಿ ನನ್ನ ತೊಡಿ ಮ್ಯಾಲ ಇಟ್ಟ,
ಅರ್ಧಾ ತಿಕೀಟ ಹರದು ಕೊಟ್ಟ.