ಒಳಗೆ ಬಿಟ್ಟ ಬಟ್ಟೆ

ಮಾಮೂಲುಪೇಟೆಯ ಈ ಗಲ್ಲಿಯಲ್ಲಿ
ಎಷ್ಟು ಹೆಂಗಸರ ಸೊಂಟ ನನಗೆ ಬಾಯಿಪಾಠ!
ಅಂಬುಜಮ್ಮನದು ನಲವತ್ತು, ಸುವಾಸಿನಿಯದು ಇಪ್ಪತ್ತೊಂಬತ್ತು,
ಅವಳೇ ಹೇಳುವುದು ಇಪ್ಪತ್ತೆಂಟು.
ನನ್ನದನ್ನು ಮಾತ್ರ ಈಗ ಆಸ್ಪತ್ರೆಯ ನರ್ಸ್ ಬರೆದುಕೊಳ್ಳುತ್ತಾಳೆ,
ಮೂರು ತಿಂಗಳಿಗೊಮ್ಮೆ, ಸೆಂಟಿಮೀಟರಿನಲ್ಲಿ.
ನಾನು ಇಂಚಿನವಳು. ತಿಳಿಯದವಳ ಹಾಗೆ ನಿಂತಿರುತ್ತೇನೆ.

ಹಿಂದಿನ ಶ್ರಾವಣದಲ್ಲಿ ನಿದ್ದೆಯೇ ಬೇಡವಾಗಿತ್ತು.
ಚಿಕ್ಕಪೇಟೆಯಲ್ಲಿ ಸಾಲ ಹೇಳಿ
ಅರವತ್ತು ಮೀಟರ್ ಬ್ರೊಕೇಡ್ ತಂದೆ, ನವಿಲುಕತ್ತಿನ ಬಣ್ಣದ್ದು.
ಊರಿಗೆಲ್ಲ ರವಿಕೆ ನಾನೇ ಹೊಲಿಯುತ್ತೇನೆಂದು
ರಾತ್ರಿ ಮೂರಕ್ಕೆ ಮೇಲಿನ ಮನೆಯ ಬಾಗಿಲು ಬಡಿದೆ.
ಪಾಪ, ಕೂರಿಸಿ ನೀರು ಕೊಟ್ಟರು.

ಆಮೇಲೆ ಕಾರ್ತೀಕ.
ಎಲ್ಲರ ಹೊಸ್ತಿಲಲ್ಲೂ ದೀಪ.
ನಾನು ಕಟಿಂಗ್ ಮೇಜಿನ ಕೆಳಗೆ, ಚೂರುಬಟ್ಟೆಗಳ ಮೇಲೆ,
ಸೂಜಿಗೆ ದಾರ ಪೋಣಿಸಬೇಕಲ್ಲ ಎಂದುಕೊಳ್ಳುತ್ತಾ
ಹನ್ನೊಂದು ದಿನ.
ನಾದಿನಿ ಸಕ್ಕೂಬಾಯಿ ಕತ್ತರಿಯನ್ನು
ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು.
ಯಾಕೆಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಹೊಸೂರು ರಸ್ತೆಯ ದೊಡ್ಡಾಸ್ಪತ್ರೆ. ಮರ ಜಾಸ್ತಿ, ಬೆಂಚು ಕಡಿಮೆ.
ಡಾಕ್ಟರು ಹುಡುಗ;
ಅಂಗಿಯ ಎಡತೋಳು ಬಲಕ್ಕಿಂತ ಕಾಲಿಂಚು ಉದ್ದ.
ಬರೀ ಮಂಕಿಗೆಂದು ಬೇರೆಯವರು ಕೊಟ್ಟ ಗುಳಿಗೆ
ನನ್ನನ್ನು ಮತ್ತೆ ತಾರಸಿ ಹತ್ತಿಸಿದ್ದನ್ನು ಸಕ್ಕೂ ಹೇಳಿದಳು.
ಆ ಚೀಟಿ ಮಡಿಸಿಟ್ಟು ಹೊಸದು ಬರೆದ:
ಕ್ವೆಟಿಯಾಪಿನ್. ರಾತ್ರಿಗೆ. ಮೊದಲು ಸಣ್ಣದು, ಮೆಲ್ಲಗೆ ಏರಿಸಿ.

ಡಬ್ಬಿಯೊಳಗಿನ ಕಾಗದ ಬಿಡಿಸಿ ಸಕ್ಕೂಳ ಮಗ
'ಆಂಟಿಸೈಕೋಟಿಕ್ ಅಂತಿದೆ ಅತ್ತೆ' ಎಂದು ಸುಮ್ಮನಾದ.
ಮುಂದಿನ ಸಲ ಕೇಳಿಯೇ ಬಿಟ್ಟೆ, ನನಗೆ ಹುಚ್ಚೇನಪ್ಪ?
'ಹೆಸರು ಹಾಗಿದೆ ಅಮ್ಮ. ಈ ಥರದ ಮಂಕಿಗೂ ಇದೇ ಆಗುತ್ತೆ.'
'ಲಂಗದ ಬಟ್ಟೆಯಲ್ಲಿ ರವಿಕೆ ಹೊಲಿದ ಹಾಗೆ?'
ನಕ್ಕ. ಆ ತೋಳನ್ನೂ ಸರಿಮಾಡಿಕೊಡುತ್ತೇನೆ ಅನ್ನೋಣವೆನಿಸಿತು.

ಮೊದಲೆರಡು ವಾರ ಬರೀ ನಿದ್ದೆ.
ನಾಲಿಗೆ ಕಾಲರಿನ ಬಕ್ರಮ್ಮು.
ಒಂದು ಸೋಮವಾರ ಮೇಜಿನಿಂದ ಗುಂಡಿಯೊಂದು ಬಿದ್ದು
ಬಾಗಿಲತ್ತ ಉರುಳಿತು.
ಎದ್ದು ಹೋಗಿ ಹಿಡಿದೆ.
ಯಾರೂ ನೋಡಲಿಲ್ಲ.

ಏಳು ಕಿಲೋ ಏರಿದ್ದೇನೆ. ಸಕ್ಕರೆ ಗೆರೆಯ ಮೇಲೆ ನಿಂತಿದೆ.
ರಾತ್ರಿ ಹಸಿವು ಯಾರದೋ ನನ್ನ ಹೊಟ್ಟೆಗೆ ಬಂದ ಹಾಗೆ.
ಸುಳ್ಳು ಯಾಕೆ, ಆ ನವಿಲುಕತ್ತಿನ ಬಣ್ಣ ನೆನಪಾಗುತ್ತದೆ.
ಆಗ ಎಷ್ಟು ಚೆಂದ ಹೊಲಿಯುತ್ತಿದ್ದೆ!
ಮೊನ್ನೆ ಗಂಟು ಬಿಚ್ಚಿ ನೋಡಿದೆ:
ಅರ್ಧಕ್ಕರ್ಧ ತೋಳು ತಿರುಗುಮುರುಗು.

ಕೆಲಸ ಕಲಿಸುವಾಗ ಮಾವ ಹೇಳುತ್ತಿದ್ದರು,
'ಒಳಗೆ ಒಂದಿಂಚು ಬಿಡು. ನಾಳೆಯ ಮೈ ಯಾರು ಕಂಡವರು?'
ಇವತ್ತು ನನ್ನದೇ ರವಿಕೆಯ ಬದಿ ಬಿಚ್ಚಲು ಕತ್ತರಿ ಕೇಳಿದೆ.
ಸಕ್ಕೂ ಹಿಟ್ಟು ಕೊಡವಿ ಕೊಟ್ಟಳು,
ಪಕ್ಕದಲ್ಲೇ ಕೂತಳು ಅವರೆಕಾಯಿ ಬಿಡಿಸುತ್ತಾ.
ಹೊಲಿಗೆಯೊಳಗಿದ್ದ ಬಟ್ಟೆ ಬಿಸಿಲು ಕಂಡೇ ಇಲ್ಲ,
ಕೊಂಡ ದಿನದ ಕೆಂಪು ಹಾಗೇ ಇದೆ,
ಹೊರಗಿನದಕ್ಕೆ ಹೊಂದುವುದಿಲ್ಲ.

ಹತ್ತೂವರೆ. ಗುಳಿಗೆ ನುಂಗಿಯಾಯಿತು.
ಇನ್ನಿಪ್ಪತ್ತು ನಿಮಿಷ ಕೈ ನೆಟ್ಟಗಿರುತ್ತದೆ.
ಎಡಬದಿ ಮುಗಿಯಿತು.
ಬಲಬದಿ ನಾಳೆ.