ಪ್ರಶ್ನೆ ಹನ್ನೊಂದು

ಪೆಂಡಲ್ ಹಿಲ್. ಲೈಬ್ರರಿಯ ಹಿಂದಿನ ಕೋಣೆ,
ಹೀಟರಿನ ಸುಟ್ಟ ಧೂಳಿನ ವಾಸನೆ.
"ಕಳೆದ ವಾರ ರಾತ್ರಿ ಎಷ್ಟು ಸಲ ಬೆಚ್ಚಿ ಎದ್ದಿರಿ?"
ಸೊನ್ನೆಯಿಂದ ನಾಲ್ಕು. ನನ್ನ ಮುರುಕು ತಮಿಳು.

"ಬೆಚ್ಚಿ ಏಳೋಕೆ ಮೊದಲು ಮಲಗಬೇಕಲ್ಲಮ್ಮಾ,"
ನಗುತ್ತಾರೆ ಯೋಗಾಂಬಿಕೈ.
ಅದಕ್ಕೆ ಚೌಕವಿಲ್ಲ. ಅಂಚಿನಲ್ಲಿ ಗೀಚಿಕೊಳ್ಳುತ್ತೇನೆ.

ಮಂಗಳವಾರ ಮಾತ್ರ, ಕಸದ ಲಾರಿ
ಡಬ್ಬ ಎತ್ತಿ ಕುಕ್ಕುವ ಹೊತ್ತಿಗೆ
ಅವರು ಮೇಜಿನಡಿ ಇರುತ್ತಾರಂತೆ;
ಆಟವೆಂದುಕೊಂಡು ಮೊಮ್ಮಗಳೂ ನುಸುಳುತ್ತಾಳೆ,
ಬಿಸ್ಕತ್ತಿನ ಪೊಟ್ಟಣ ಸಮೇತ.
"ಅವಳಿಗೆ ಹೇಳಿಲ್ಲ. ನೀನೂ ಬರೀಬೇಡ."
ಪೆನ್ನು ಮುಚ್ಚಿದೆ.

ಬಾಗಿಲಲ್ಲಿ ನಿಂತು, ಕೋಟಿನ ಗುಂಡಿ ಹಾಕುತ್ತಾ,
"ನಿನಗೆ ಯಾವ ಊರು?"
ಊರು: ಅವರ ನುಡಿಗೂ ನನ್ನದಕ್ಕೂ ಅದೊಂದೇ ಮಾತು,
ತಿದ್ದಬೇಕಿಲ್ಲ, ಅನುವಾದಿಸಬೇಕಿಲ್ಲ.
ಹೇಳಿದೆ.
"ಇದೆಯಾ ಇನ್ನೂ?"